ಅಂಗೈ ಕಡೆಯ ಗಂಟು

"ಬಿಚ್ಚ್ರೇ, ಬೇವರ್ಸಿಗಳಾ! ಮಾಲೀಕ್ರ ಶೀಟು ಹರ್ದು ಕೈಗೆ ಸುತ್ಕೊಂಡು ಮೆರೀತೀರಾ? ಇವತ್ತು ಕೈಗೆ, ನಾಳೆ ಇನ್ನೆಲ್ಲಿಗೆ ಸುತ್ಕೋತೀರೋ!"

ಮೇಸ್ತ್ರಿ ಬುಟ್ಟಿ ಹಿಡಿದು ಸಾಲಿನುದ್ದಕ್ಕೂ ಬಂದ. ನಾವು ಅವನಿಗೆ ಗಡಿಯಾರ ಎಂದು ಹೆಸರಿಟ್ಟಿದ್ದೆವು. ಹೆಂಗಸರು ಕಕ್ಕಸಿಗೆ ಹೋದರೆ ಬಾಗಿಲ ಹೊರಗೆ ಕೈಗಡಿಯಾರ ನೋಡುತ್ತ ನಿಲ್ಲುವವನು ಅವನು. ಒಬ್ಬೊಬ್ಬಳಾಗಿ ಎಲ್ಲರೂ ಅಂಗೈಗೆ ಸುತ್ತಿದ್ದ ಪಟ್ಟಿ ಬಿಚ್ಚಿ ಬುಟ್ಟಿಗೆ ಹಾಕಿದೆವು. ನನ್ನ ಸೊಸೆಯದು ಬೊಬ್ಬೆ ಒಡೆದು ಅಂಟಿಕೊಂಡಿತ್ತು. ಅವಳು ನಿಧಾನವಾಗಿ ಬಿಡಿಸುತ್ತಿದ್ದಳು. ಅವನು ತುದಿ ಹಿಡಿದು ಸರ್ರನೆ ಎಳೆದ. ಚರ್ಮವೂ ಬಂತು.

"ನಿಮ್ಮಮ್ಮನ ಸೀರೆ ಎಳ್ದಂಗೆ ಎಳೀತೀಯಲ್ಲೋ" ಎಂದಳು ಸೊಸೆ.

ಅವನು ಕೆನ್ನೆಗೆ ಬಾರಿಸಿದ. ಅವಳು ಬಾಯಿಯ ರಕ್ತವನ್ನು ಅದೇ ಬುಟ್ಟಿಗೆ ಉಗುಳಿದಳು.

ಅದು ದೊಡ್ಡ ಲಾಂಡ್ರಿ. ಆಸ್ಪತ್ರೆಗಳ, ಹೋಟೆಲುಗಳ ಶೀಟುಗಳು ಅಲ್ಲಿ ಒಗೆಸಿಕೊಂಡು, ಉರುಳೆಯಲ್ಲಿ ಇಸ್ತ್ರಿಯಾಗಿ ಹೋಗುತ್ತವೆ. ಉರುಳೆಯೆಂದರೆ ಒಂದರ ಮೇಲೊಂದು ತಿರುಗುವ, ಒಳಗೆ ಹಬೆ ತುಂಬಿದ ಎರಡು ಕಬ್ಬಿಣದ ಕೊಳವೆಗಳು. ಒದ್ದೆ ಶೀಟಿನ ಎರಡು ಮೂಲೆ ಹಿಡಿದು ಅವುಗಳ ನಡುವಿನ ಬಾಯಿಗೆ ಕೊಡಬೇಕು. ಬರಿಗೈಯಲ್ಲಿ ಕೊಟ್ಟರೆ ಮಧ್ಯಾಹ್ನದೊಳಗೆ ಅಂಗೈ ಬೇಯುತ್ತದೆ. ಅದಕ್ಕೇ ಎಸೆಯಲಿಟ್ಟ ಹರಕು ಶೀಟಿನಿಂದ ನಾಲ್ಕು ಬೆರಳಗಲದ ಪಟ್ಟಿ ಹರಿದು ಸುತ್ತಿಕೊಳ್ಳುತ್ತಿದ್ದೆವು. ಹೆಬ್ಬೆರಳು ಹೊರಗೆ, ಗಂಟು ಕೈಯ ಬೆನ್ನಿಗೆ, ಗಂಟಿನ ಬಾಲ ಪಟ್ಟಿಯ ಒಳಕ್ಕೆ. ಹೊಸಬಳು ಬಂದರೆ ಮೊದಲು ಕಲಿಸುತ್ತಿದ್ದುದೇ ಇದು. ಬಾಲ ಅಂಗೈ ಕಡೆ ಜೋತರೆ ಉರುಳೆ ಅದನ್ನೂ ಶೀಟೆಂದೇ ತಿಳಿದು ಎಳೆದುಕೊಳ್ಳುತ್ತದೆ.

ಆಮೇಲೆ ಕಲಿಸುತ್ತಿದ್ದುದು ಎಣಿಕೆ. ಒಂದು ಶೀಟು ಒಳಗೆ ಹೋಗಿ ಆಚೆ ಬೀಳಲು ಹನ್ನೊಂದು ಎಣಿಕೆ. ಮಾತಾಡುತ್ತಿರಲಿ, ಜಗಳವಾಡುತ್ತಿರಲಿ, ಒಳಗೊಳಗೇ ಎಣಿಕೆ ನಡೆದೇ ಇರುತ್ತಿತ್ತು. ನನ್ನ ಬೆರಳುಗಳು ಮುರುಟಿದ ಮೇಲೆ ನನ್ನನ್ನು ಶೀಟು ಕೊಡುವುದರಿಂದ ತೆಗೆದು ಲಿವರಿನ ಹತ್ತಿರ ನಿಲ್ಲಿಸಿದ್ದರು. ಅದನ್ನು ಕೆಳಗೆ ಎಳೆದರೆ ಮೇಲಿನ ಕೊಳವೆ ಮೇಲೆದ್ದು ಉರುಳೆ ನಿಲ್ಲುತ್ತದೆ.

ಪಟ್ಟಿ ಕಿತ್ತುಕೊಂಡ ಮೂರನೆಯ ದಿನ ಸೊಸೆ ನನ್ನ ಹತ್ತಿರ ಬಂದು ಬಲಗೈ ಮುಷ್ಟಿ ಬಿಚ್ಚಿ ತೋರಿಸಿದಳು. ಒಳಗೆ ಪಟ್ಟಿ ಇತ್ತು.

"ಗಂಟು ಅಂಗೈಗೆ ಹಾಕಿದೀಯಲ್ಲೇ, ತಲೆ ನೆಟ್ಟಗಿದ್ಯಾ?" ಎಂದೆ.

"ಹಿಂದಕ್ಕೆ ಹಾಕಿದ್ರೆ ಗಡಿಯಾರನ ಕಣ್ಣಿಗೆ ಬೀಳುತ್ತೆ ಅತ್ತೆ. ಮುಷ್ಟೀಲಿ ಇದ್ರೆ ಕಾಣಲ್ಲ."

"ಬಿಚ್ಚು."

"ಬೆಂದ ಕೈ ನಂದು. ನಿಮ್ದು ಬರೀ ಲಿವರು ಹಿಡ್ಕೊಂಡು ಮಹಾರಾಣಿ ಥರ ನಿಂತ್ಕೊಳ್ಳೋ ಕೆಲ್ಸ. ಸುಮ್ನಿರಿ." ನಕ್ಕಳು. ಕೆನ್ನೆ ಇನ್ನೂ ಊದಿತ್ತು.

ನನ್ನ ಮಗ ಇನ್ನೊಬ್ಬಳ ಹಿಂದೆ ಹೋದ. ಇವಳು ನನ್ನ ಜೊತೆ ಉಳಿದಳು. ಏಳು ವರ್ಷ ಒಂದೇ ಕೋಣೆಯಲ್ಲಿ, ದಿನಕ್ಕೊಂದು ಜಗಳದಂತೆ ಬದುಕಿದೆವು.

ಅವತ್ತು ಊಟದ ಗಂಟೆಗೆ ಇನ್ನೂ ಹೊತ್ತಿತ್ತು. ಹೋಟೆಲಿನ ದೊಡ್ಡ ಶೀಟು ಕೊಡುತ್ತಿದ್ದಳು. ಕಿರುಚಿದ್ದು ಮೊದಲು ಕೇಳಿಸಿತೋ, ಅವಳ ಭುಜ ಮುಂದಕ್ಕೆ ಜಗ್ಗಿದ್ದು ಮೊದಲು ಕಾಣಿಸಿತೋ, ಹೇಳಲಾರೆ. ನಾನು ಲಿವರಿಗೆ ಕೈ ಹಾಕಿದೆ. ಗಡಿಯಾರ ನನ್ನ ಕೈ ಹಿಡಿದ.

"ಈಗ ನಿಲ್ಸಿದ್ರೆ ಶೀಟು ಸುಟ್ಟು ಅಂಟ್ಕೊಳುತ್ತೆ, ಅರ್ಧ ದಿನ ಹಾಳು! ಪೂರ್ತಿ ಆಚೆ ಬರ್ಲಿ!"

ನಾನು ಅವನ ಕೈ ಕಚ್ಚಿದೆ. ಅವನು ಬಿಡಲಿಲ್ಲ. ನನ್ನ ತಲೆಯೊಳಗೆ ಎಣಿಕೆ ತಾನಾಗಿ ನಡೆಯುತ್ತಿತ್ತು. ಆರಕ್ಕೆ ಅವಳ ಕೂಗು ನಿಂತಿತು. ಹನ್ನೊಂದಕ್ಕೆ ಶೀಟು ಆಚೆ ಬಿತ್ತು, ನೆರಿಗೆಯಿಲ್ಲದೆ, ನಡುವೆ ಉದ್ದಕ್ಕೆ ಕೆಂಪಾಗಿ. ಅದರ ಜೊತೆ ಪಟ್ಟಿಯೂ ಬಿತ್ತು. ಗಂಟು ಬಿಚ್ಚಿರಲಿಲ್ಲ.

ಶೀಟು ಸಾಗಿಸುವ ಗಾಡಿಯಲ್ಲೇ ಅವಳನ್ನು ಆಸ್ಪತ್ರೆಗೆ ಒಯ್ದೆವು. ನಾವೇ ಒಗೆದ ಶೀಟಿನ ಮೇಲೆ ಎರಡು ದಿನ ಮಲಗಿ ಸತ್ತಳು.

ತನಿಖೆಯ ಅಧಿಕಾರಿ ಬಂದು ಮಾಲೀಕನ ಕೋಣೆಯಲ್ಲಿ ಕೂತು ಬರೆದುಕೊಂಡ. ನನ್ನನ್ನು ಕರೆದರು. ಕೂರು ಅನ್ನಲಿಲ್ಲ. ಗಡಿಯಾರ ಪಕ್ಕದಲ್ಲೇ ನಿಂತಿದ್ದ.

"ಪಟ್ಟಿ ಕಟ್ಟಬಾರದು ಅಂತ ಹೇಳಿದ್ರಾ?"

"ಹೇಳಿದ್ರು. ಆದ್ರೆ ಲಿವರು..."

"ಕೇಳಿದ್ದಕ್ಕೆ ಉತ್ತರ ಕೊಡು. ಕಟ್ಟಿದ್ಳಾ?"

"ಕಟ್ಟಿದ್ಳು ಸ್ವಾಮಿ. ನಾನು ಲಿವರು ಎಳೆಯಕ್ಕೆ ಹೋದ್ರೆ ಈ ಸೂಳೆಮಗ ನನ್ ಕೈ ಹಿಡ್ಕೊಂಡ. ಅದನ್ನ ಬರ್ಕೊಳ್ಳಿ."

"ನಾಲಗೆ ಉದ್ದ ಇದೆ ಮುದುಕೀಗೆ" ಎಂದ ಮಾಲೀಕ. ಅಧಿಕಾರಿ 'ಸ್ವಂತ ಅಜಾಗರೂಕತೆ' ಎಂದು ಬರೆದ. ಅಕ್ಷರ ತಲೆಕೆಳಗಾಗಿದ್ದರೂ ನಾನು ಓದಿದೆ. ನನಗೆ ಓದು ಬರುವುದಿಲ್ಲ ಎಂದು ತಿಳಿದು ಹೆಬ್ಬೆಟ್ಟಿಗೆ ಶಾಯಿ ಮುಂದೆ ಮಾಡಿದ. ನಾನು ಒತ್ತಲಿಲ್ಲ. ಗಡಿಯಾರ ನನ್ನ ಬೆರಳು ಹಿಡಿದು ಒತ್ತಿಸಿದ.

ಮಾರನೆಯ ಬೆಳಿಗ್ಗೆ ಯಾರೂ ಒಳಗೆ ಹೋಗಲಿಲ್ಲ. ಎಪ್ಪತ್ತು ಹೆಂಗಸರು ಅಂಗೈಗೆ ಪಟ್ಟಿ ಸುತ್ತಿಕೊಂಡು ಗೇಟಿನ ಮುಂದೆ ಕೈ ಎತ್ತಿ ನಿಂತೆವು. ಘೋಷಣೆ ಗೊತ್ತಿರಲಿಲ್ಲ. ನಮ್ಮಲ್ಲಿ ಗಂಟಲಮ್ಮ ಎಂಬವಳಿದ್ದಳು. ಉರುಳೆಗಳ ಸದ್ದಿನ ಮೇಲೂ ಅವಳ ಮಾತು ಕೇಳಿಸುತ್ತಿತ್ತು. ಅವಳು "ಲಿವರು ಹಿಡಿದ ಕೈ ಯಾರ್ದು?" ಎಂದು ಕೂಗಿದಳು. ನಾವು "ಗಡಿಯಾರಂದು! ಮಾಲೀಕಂದು!" ಎಂದೆವು. ಅಷ್ಟೇ ನಮ್ಮ ಘೋಷಣೆ. ಪೊಲೀಸರು ಬಂದು ಎತ್ತಿದ ಕೈಗಳ ಮೇಲೇ ಹೊಡೆದರು. ಇಳಿಸಿದವರನ್ನು ಬಿಟ್ಟರು, ಇಳಿಸದವರ ಬೆರಳು ಮುರಿದರು.

ಆ ಸಂಜೆ ಒಂದು ಪಕ್ಷದ ಮುಖಂಡ ನಮ್ಮ ಕೋಣೆಗೆ ಬಂದ. ಮೃದು ಮಾತಿನವನು. ನೆಲದ ಮೇಲೇ ಕೂತ, ನೀರು ಕೇಳಿ ಕುಡಿದ. ಸೊಸೆಯ ಪಟ್ಟಿ ನೋಡಬೇಕೆಂದ. ಟ್ರಂಕಿನಿಂದ ತೆಗೆದುಕೊಟ್ಟೆ. ರಕ್ತ ಒಣಗಿ ಸುತ್ತು ಸುತ್ತಾಗಿಯೇ ಗಟ್ಟಿಯಾಗಿತ್ತು. ಅವನ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಜೊತೆಯಲ್ಲಿದ್ದವನು ಫೋಟೋ ತೆಗೆದ.

ಹದಿನೈದು ದಿನದಲ್ಲಿ ಆ ಕೈ ಪೋಸ್ಟರಾಗಿ ಗೋಡೆ ಗೋಡೆಯ ಮೇಲೆ ಬಂತು. ಎತ್ತಿದ ಅಂಗೈ, ಸುತ್ತಿದ ಪಟ್ಟಿ, ಅಂಗೈಯ ನಟ್ಟನಡುವೆ ಗಂಟು, ಗಾಳಿಗೆ ಹಾರುವ ಎರಡು ಬಾಲ. ನಾನು ಮುಖಂಡನ ಕಚೇರಿಗೆ ಹೋದೆ.

"ಗಂಟು ತಪ್ಪಾಗಿದೆ" ಎಂದೆ. "ನಾವು ಹಂಗೆ ಕಟ್ಟಲ್ಲ. ಹಂಗೆ ಕಟ್ಟಿದ್ದಕ್ಕೇ ಅವ್ಳು ಸತ್ತಿದ್ದು. ಹೆದ್ರಿಸಿ ಕಟ್ಟಿಸಿದ ಗಂಟು ಅದು."

"ಅಜ್ಜಿ, ಗಂಟು ಎದ್ದು ಕಾಣ್ಬೇಕು. ಗಂಟು ಅಂದ್ರೆ ಒಗ್ಗಟ್ಟು."

"ಒಗ್ಗಟ್ಟಲ್ಲಪ್ಪ, ಭಯ ಅದು. ಹೋಗ್ಲಿ, ಲಿವರಿನ ಚಿತ್ರ ಒಂದಾದ್ರೂ ಹಾಕಿಸಿ. ಅದನ್ನ ಯಾರು ಎಳೆಯಕ್ಕೆ ಬಿಡ್ಲಿಲ್ಲ ಅಂತ ಬರೆಸಿ."

ಅವನು ನನ್ನ ಭುಜ ಮುಟ್ಟಿದ. "ಲಿವರು ಹಾಕಿದ್ರೆ ಯಾರಿಗೆ ಅರ್ಥ ಆಗುತ್ತೆ ಅಜ್ಜಿ? ಕೈ ಎಲ್ರಿಗೂ ಇದೆ."

ಹೌದು, ಎಲ್ಲರಿಗೂ ಇತ್ತು. ಬಟ್ಟೆ ಅಂಗಡಿಯವರು ಪಟ್ಟಿ ಮಾರಿದರು. ಕಾಲೇಜು ಹುಡುಗಿಯರು ಕಟ್ಟಿಕೊಂಡರು. ಒಂದು ಸಭೆಯಲ್ಲಿ ಅದು ಕೊಯ್ದ ಕೈ, ಸೇಡಿನ ಕೈ ಎಂದರು, ಇನ್ನೊಂದರಲ್ಲಿ ಹರಸುವ ತಾಯಿಯ ಕೈ ಎಂದರು. ಮುಖಂಡನಿಗೂ ಅವನ ಬಲಗೈಯಂತಿದ್ದವನಿಗೂ ಜಗಳವಾಗಿ ಪಕ್ಷ ಎರಡಾಯಿತು. ಪಟ್ಟಿ ಎರಡೂ ಕಡೆ ಉಳಿಯಿತು. ಒಡೆದು ಹೋದವರು ಬೇರೆ ಕಾಣಲೆಂದು ಗಂಟನ್ನು ಕೈಯ ಬೆನ್ನಿಗೆ ಹಾಕತೊಡಗಿದರು. ನಮ್ಮನ್ನು ಕೇಳಿ ಹಾಕಿದ್ದಲ್ಲ, ಅಂಗೈಯಲ್ಲಿ ಬೇಡವೆಂದಷ್ಟೇ. ಅಂದಿನಿಂದ ಬೆನ್ನಿನ ಗಂಟು ದ್ರೋಹಿಗಳ ಗಂಟಾಯಿತು.

ನಮಗೆ ಇದೆಲ್ಲ ಗೊತ್ತಿರಲಿಲ್ಲ. ಲಾಂಡ್ರಿ ಮತ್ತೆ ತೆರೆದಿತ್ತು, ಹೊಟ್ಟೆಗೆ ಬೇಕಿತ್ತು, ಒಳಗೆ ಹೋಗಿದ್ದೆವು. ಈಗ ಪಟ್ಟಿಯನ್ನು ಮುಟ್ಟಲು ಗಡಿಯಾರನಿಗೆ ಧೈರ್ಯವಿರಲಿಲ್ಲ. ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ಗಂಟಲಮ್ಮ ಪಟ್ಟಿ ಬಿಚ್ಚಲು ಮರೆತಳು. ತಿರುವಿನಲ್ಲಿ ಐದಾರು ಜನ ಮುಖಂಡನ ಪೋಸ್ಟರು ಅಂಟಿಸುತ್ತಿದ್ದರು. ಒಬ್ಬ ಅವಳ ಕೈ ಹಿಡಿದು ತಿರುಗಿಸಿ ನೋಡಿದ.

"ಲೇ, ಇವಳು ಅವರ ಕಡೆಯವಳು. ಗಂಟು ನೋಡ್ರೋ!"

"ಯಾರ ಕಡೇನೂ ಅಲ್ಲ ಕಣೋ ಮಗನೆ, ನಾನು ಉರುಳೆ ಕಡೆಯವಳು" ಎಂದಳು ಗಂಟಲಮ್ಮ. "ಈ ಗಂಟು ನೀನು ಹುಟ್ಟೋಕ್ಕೆ ಮುಂಚೆಯಿಂದ ಕಟ್ತಿದೀನಿ."

ಅವನು ಅವಳ ಮುಂಗೈಯನ್ನು ಕಲ್ಲಿನ ಅಂಚಿನ ಮೇಲಿಟ್ಟು ತುಳಿದ. ನಾನು ಅಡ್ಡ ಬಿದ್ದೆ. ನನ್ನ ಪಕ್ಕೆಗೆ ಒದ್ದರು. ನೆಲಕ್ಕೆ ಮುಖ ಒತ್ತಿಕೊಂಡೇ ಹೇಳಿದೆ, ಸತ್ತವಳ ಅತ್ತೆ ನಾನು, ಆ ಗೋಡೆ ಮೇಲಿರೋದು ನನ್ನ ಸೊಸೆ ಕೈ ಎಂದು. "ಮುಚ್ಚೇ, ಹುತಾತ್ಮಳ ಹೆಸರು ಹೊಲಸು ಮಾಡ್ಬೇಡ" ಎಂದು ಇನ್ನೊಂದು ಒದೆ ಬಿತ್ತು. ಒದ್ದವನ ಅಂಗೈಯಲ್ಲಿ ಗಂಟಿತ್ತು. ಗಂಟಲಮ್ಮನ ಮೂಳೆ ಎರಡು ಸಲ ಮುರಿಯಿತು. ಮೊದಲನೆಯ ಸಲವೇ ಸಾಕಾಗಿತ್ತು. ಎರಡನೆಯದು ಅವಳು ಮತ್ತೆ ಬೈದದ್ದಕ್ಕೆ.

ಚುನಾವಣೆಯಾಯಿತು. ಮುಖಂಡ ಗೆದ್ದ. ಗೆದ್ದ ಮೇಲೆ ನಮ್ಮ ಮಾಲೀಕನೂ ಅವನೂ ಒಂದೇ ಕಾರಿನಲ್ಲಿ ಓಡಾಡುತ್ತಾರೆಂದು ಕೇಳಿದೆವು. ನಂಬಲಿಲ್ಲ. ಆಮೇಲೆ ಮೂಟೆ ಮೂಟೆ ರೇಷ್ಮೆ ಪಟ್ಟಿ ಇಸ್ತ್ರಿಗೆ ಲಾಂಡ್ರಿಗೇ ಬಂತು. ಪ್ರತಿಯೊಂದರ ಮೇಲೂ ಅವಳ ಕೈ ಅಚ್ಚಾಗಿತ್ತು. ದಿನವಿಡೀ ಅವಳನ್ನು ಉರುಳೆಗೆ ಕೊಟ್ಟೆವು, ದಿನವಿಡೀ ಅವಳು ಆಚೆ ಬಂದಳು.

ಸೊಸೆ ಸತ್ತು ವರ್ಷ ತುಂಬಿದ ದಿನ ಲಾಂಡ್ರಿಯಲ್ಲೇ ಸಭೆ ಇಟ್ಟರು. ನೆಲ ತೊಳೆಸಿದರು. ಉರುಳೆಯ ಪಕ್ಕ ಮೈಕು ಬಂತು. ಮುಖಂಡ ಮಾತಾಡಿದ, ಮಾಲೀಕ ಮಾತಾಡಿದ. ದುಡಿಯುವ ಕೈಗೂ ದುಡಿಸುವ ಕೈಗೂ ಇನ್ನು ಭೇದವಿಲ್ಲ, ಎರಡಕ್ಕೂ ಒಂದೇ ಪಟ್ಟಿ ಎಂದರು. ಫೋಟೋದವರು ಬರೀ ಮಾತು ಸಾಲದು, ಮಾಲೀಕರು ಒಂದು ಶೀಟು ಕೊಡಲಿ ಎಂದರು. ಮಾಲೀಕ ಕೋಟು ಬಿಚ್ಚಿ ತೋಳು ಮಡಚಿದ. ಮುಖಂಡ ತನ್ನ ಕೈಯಾರೆ ಅವನ ಬಲಗೈಗೆ ರೇಷ್ಮೆ ಪಟ್ಟಿ ಸುತ್ತಿದ, ಅಂಗೈಯಲ್ಲಿ ಗಂಟು ಹಾಕಿದ. ಎರಡು ಬಾಲ ಗೇಣುದ್ದ ಜೋತವು.

ಗಡಿಯಾರ ಹೋಗಿ ಉರುಳೆ ಶುರು ಮಾಡಿದ. ನಾನು ಲಿವರಿನ ಹತ್ತಿರ ನಿಂತಿದ್ದೆ. ಎಪ್ಪತ್ತು ಹೆಂಗಸರೂ ಆ ಗಂಟನ್ನೇ ನೋಡುತ್ತಿದ್ದರು.

"ಸಾಹುಕಾರ್ರೆ" ಎಂದೆ. "ಗಂಟು ಹಿಂದಕ್ಕೆ ತಿರುಗಿಸ್ಕೊಳ್ಳಿ. ಬಾಲ ಒಳಕ್ಕೆ ಸಿಗಿಸ್ಕೊಳ್ಳಿ."

ಮುಖಂಡನ ಮುಖ ಕಪ್ಪಿಟ್ಟಿತು. "ಅಜ್ಜಿ, ಇಲ್ಲೂ ಅದೇ ರಾಗವಾ?"

ಮಾಲೀಕ ನಕ್ಕ. "ನನ್ನ ಉರುಳೆ ಬಗ್ಗೆ ನಂಗೇ ಪಾಠವಾ? ಇದೇ ನಾಲಗೆ ಅಲ್ವೇನ್ರೀ ಅವತ್ತಿಂದು?"

"ಬಾಯ್ಮುಚ್ಕೊಂಡು ನಿಂತ್ಕೊಳೇ" ಎಂದ ಗಡಿಯಾರ.

ಮುಚ್ಚಿಕೊಂಡು ನಿಂತೆ. ಹೇಳುವುದು ಹೇಳಿಯಾಗಿತ್ತು.

ಮೊದಲನೆಯ ಶೀಟು ನೆಟ್ಟಗೆ ಹೋಯಿತು. ಚಪ್ಪಾಳೆ ಬಿತ್ತು. ಫೋಟೋದವನು "ಮುಖ ಕಾಣ್ಲಿಲ್ಲ ಸಾರ್, ಇನ್ನೊಂದು. ಈ ಕಡೆ ನೋಡಿ ನಗಬೇಕು" ಎಂದ. ಮಾಲೀಕ ಎರಡನೆಯ ಶೀಟಿನ ಮೂಲೆ ಹಿಡಿದ, ಕೈಯನ್ನು ಉರುಳೆಯ ಕಡೆ ಚಾಚಿ, ಮುಖವನ್ನು ಇತ್ತ ತಿರುಗಿಸಿ ನಕ್ಕ. ಒಂದು ಬಾಲ ಶೀಟಿನ ಅಂಚಿನ ಮೇಲೆ ಬಿತ್ತು. ಶೀಟಿನ ಜೊತೆ ಹೊರಟಿತು.

ಅವನ ನಗು ಇನ್ನೂ ಮುಖದಲ್ಲಿರುವಾಗಲೇ ಭುಜ ಜಗ್ಗಿತು. ಅದೇ ಜಗ್ಗು.

"ನಿಲ್ಸೇ! ನಿಲ್ಸೇ ಮುಂಡೆ, ಲಿವರು!" ಗಡಿಯಾರ ನನ್ನತ್ತ ಹಾರಿ ಬಂದ. ನಡುವೆ ಹೆಂಗಸರಿದ್ದರು. ಯಾರೂ ಓಡಿ ಬಂದದ್ದನ್ನು ನಾನು ಕಾಣೆ, ಎಲ್ಲರೂ ಅಲ್ಲಿದ್ದರು, ಹೆಗಲಿಗೆ ಹೆಗಲು ತಾಗಿಸಿ, ಬೆನ್ನಿನ ಗಂಟಿನ ಕೈಗಳನ್ನು ಎದೆಗೆ ಕಟ್ಟಿಕೊಂಡು. ಗಂಟಲಮ್ಮ ತನ್ನ ಸೊಟ್ಟ ಕೈಯಿಂದ ಗಡಿಯಾರನ ಮುಂಗೈ ಹಿಡಿದಳು. ಅವತ್ತು ಮೊದಲ ಸಲ ಅವಳು ಮೆಲ್ಲಗೆ ಮಾತಾಡಿದಳು.

"ಈಗ ನಿಲ್ಸಿದ್ರೆ ಶೀಟು ಸುಟ್ಟು ಅಂಟ್ಕೊಳುತ್ತೆ ಮೇಸ್ತ್ರಿ. ಪೂರ್ತಿ ಆಚೆ ಬರ್ಲಿ."

ಮಾಲೀಕ ಕೂಗುತ್ತಿದ್ದ. ಲಿವರು ನನ್ನ ಕೈಯಲ್ಲಿತ್ತು, ತಣ್ಣಗೆ. ಯಾರೂ ನನ್ನ ಕೈ ಹಿಡಿದಿರಲಿಲ್ಲ.

ಒಂದು, ಎಂದೆ.