ಹಡಗಿನ ಒಡತಿಯ ಮುಖ

ಊರಿನ ಗೋಡೆಗಳ ಮೇಲೆ ಆ ಮುಖ ಕಾಣಿಸಿಕೊಂಡ ದಿನದಿಂದ ಅಕ್ಷರದಕ್ಕ ತಲೆ ತಗ್ಗಿಸಿಯೇ ಓಡಾಡುತ್ತಿದ್ದಳು. ಬಸ್ ನಿಲ್ದಾಣದಲ್ಲಿ, ಔಷಧಿ ಅಂಗಡಿಯ ಪಕ್ಕದಲ್ಲಿ, ಕೊನೆಗೆ ಅವಳ ಮನೆಯೆದುರಿನ ಕಂಬಕ್ಕೂ ಯಾರೋ ಪುಣ್ಯಾತ್ಮರು ಪೋಸ್ಟರ್ ಅಂಟಿಸಿ ಹೋಗಿದ್ದರು: ಹುಬ್ಬು ಗಂಟಿಕ್ಕಿದ ಹಡಗಿನ ಒಡತಿ, ಕೆಳಗೆ ದಪ್ಪಕ್ಷರದಲ್ಲಿ 'ಮೇಷ್ಟ್ರ ಚಿತ್ರಕಥೆಗಳು: ಮೂಲ ಹಾಳೆಗಳ ಪ್ರದರ್ಶನ'. ಒಡತಿಯಂಥ ಪಾತ್ರಗಳ ಚಿತ್ರ ಬರೆಯುತ್ತಿದ್ದವರು ಮೇಷ್ಟ್ರು; ಆ ಚಿತ್ರಕಥೆಗಳ ಮಾತಿನ ಗುಳ್ಳೆಗಳಲ್ಲಿ ಮೂವತ್ತು ವರ್ಷ ಅಕ್ಷರ ತುಂಬಿದವಳು ಈಕೆ. ಹೆಸರು ಬಂದದ್ದೂ ಅದರಿಂದಲೇ. ಗುಳ್ಳೆಯ ಹೊರಗೆ ಒಂದು ಗೆರೆ ಎಳೆದವಳಲ್ಲ, ಒಂದೇ ಒಂದು ಸಲ ಬಿಟ್ಟು. ಆ ಒಂದು ಸಲದ್ದೇ ಈಗ ಊರ ತುಂಬ ಅಂಟಿಕೊಂಡಿತ್ತು.

ನಡೆದದ್ದಿಷ್ಟು. ನಲವತ್ತೆರಡು ವರ್ಷದ ಹಿಂದೆ, ಮೇಷ್ಟ್ರು ಊಟಕ್ಕೆ ಹೋಗಿದ್ದಾಗ, ಇವಳ ಮೊಣಕೈ ತಾಗಿ ಶಾಯಿ ಬಾಟಲಿ ಉರುಳಿತು. ಅಷ್ಟು ದೊಡ್ಡ ಮೇಜಿನಲ್ಲಿ ಬೇರೆ ಜಾಗವೇ ಇರಲಿಲ್ಲವೇನೋ ಎಂಬಂತೆ ಶಾಯಿ ನೇರ ಒಡತಿಯ ಮುಖಕ್ಕೇ ಹೋಯಿತು. ಗೆರೆ ಸ್ವಲ್ಪ ದಪ್ಪವಾಯಿತೆಂದು ಹಿಂದಿನ ತಿಂಗಳಷ್ಟೇ ಒಬ್ಬನನ್ನು ಮೇಷ್ಟ್ರು ಕೆಲಸದಿಂದ ಕಿತ್ತುಹಾಕಿದ್ದರು. ಬೇರೆ ಕಾಗದದಲ್ಲಿ ಆ ಮುಖವನ್ನು ತಾನೇ ಬರೆದು, ಕತ್ತರಿಸಿ, ಕಲೆಯ ಮೇಲೆ ಅಂಟಿಸಿ, ಬಾಯಿಗೆ ಬೀಗ ಹಾಕಿಕೊಂಡು ಕೂತಳು. ಮೇಷ್ಟ್ರು ಬಂದರು, ಹಾಳೆಯನ್ನು ತಮ್ಮ ಕೋಣೆಗೆ ಒಯ್ದರು, ತಾವೇ ಅಚ್ಚಿಗೆ ಕಳಿಸಿದರು. ಆಮೇಲೆ ಓದುಗರಿಗೆ ಆ ಮುಖವೇ ಹಿಡಿಸಿತು, ಮೆಚ್ಚುಗೆಯ ಕಾಗದಗಳು ಬಂದು ಬಿದ್ದವು. ನಿಜ ಹೇಳಲು ಹೊರಟಾಗಲೆಲ್ಲ ಇವಳು ಮೇಷ್ಟ್ರ ಬಾಗಿಲಿಂದಲೇ ಹಿಂತಿರುಗುತ್ತಿದ್ದಳು. ಮೇಷ್ಟ್ರು ತೀರಿಕೊಂಡೂ ಒಂಬತ್ತು ವರ್ಷವಾಯಿತು.

ಅಚ್ಚಾದ ಪುಟದಲ್ಲಿ ತೇಪೆ ಕಾಣುವುದಿಲ್ಲ. ಮೂಲ ಹಾಳೆಯಲ್ಲಿ ಕಾಣದೆ ಇರುತ್ತದೆಯೇ?

"ಮೇಷ್ಟ್ರ ಮಗಳಿಗೆ ಎಲ್ಲಾ ಹೇಳ್ಬಿಡ್ತೀನಿ ಕಣೇ," ಎಂದಳು, ಪ್ರದರ್ಶನವಿದ್ದ ಮ್ಯೂಸಿಯಂನ ಮೆಟ್ಟಿಲು ಹತ್ತುತ್ತ.

"ಹೇಳು ಮಾರಾಯ್ತಿ. ಏನು, ಕೊಲೆ ಮಾಡಿದೀಯಾ?" ಎಂದಳು ಜೊತೆಗೆ ಬಂದಿದ್ದ ತಂಗಿ.

"ಅವರ ಹೆಸರಲ್ಲಿ ಸುಳ್ಳು ಅಂಟಿಸಿದೀನಿ."

"ಅಂಟು ಒಳ್ಳೇದೇ ಬಿಡು, ಇಷ್ಟು ವರ್ಷ ನಿಂತಿದೆ."

ಕಾಗದ ಮಾಸಬಾರದೆಂದು ಒಳಗೆ ಮಂದ ದೀಪ ಹಾಕಿದ್ದರು. ಅಚ್ಚಿನಲ್ಲಿ ಕಾಣದ ಎಷ್ಟೋ ಸಂಗತಿ ಗಾಜಿನ ಹಿಂದೆ ಬಯಲಾಗಿ ನಿಂತಿತ್ತು: ಅಳಿಸಿದ ಪೆನ್ಸಿಲ್ ಗೆರೆ, ತಪ್ಪು ಮುಚ್ಚಿದ ಬಿಳಿ ಬಣ್ಣ, ಒಂದು ಕಡೆ ಚಹಾ ಲೋಟದ ಉಂಗುರ. ಜನ ಚಿತ್ರ ನೋಡುತ್ತಿದ್ದರೆ ಇವಳು ತನ್ನ ಅಕ್ಷರ ನೋಡುತ್ತಿದ್ದಳು. ಒಂದು ಗುಳ್ಳೆಯಲ್ಲಿ ಸಾಲು ವಾಲಿತ್ತು. ಇಷ್ಟು ಭಯದಲ್ಲೂ ಅದಕ್ಕೊಂದು ಸಿಡುಕು ಬಂತು.

ಕೊನೆಯ ಗೋಡೆಯಲ್ಲಿ ಆ ಹಾಳೆ. ತೇಪೆ ಹಳದಿಗಟ್ಟಿ, ಹಳೇ ಗೋಡೆಗೆ ಬೇರೆ ಸುಣ್ಣ ಬಳಿದಂತೆ ಎದ್ದು ಕಾಣುತ್ತಿತ್ತು. ಪಕ್ಕದಲ್ಲೇ ಮೇಷ್ಟ್ರ ಮಗಳು. ದೂರದ ಊರಲ್ಲಿ ಓದಿ ಬೆಳೆದವಳು, ಇವಳನ್ನು ಕಂಡವಳಲ್ಲ. ಅಕ್ಷರದಕ್ಕ ಹಿಂದೆ ತಿರುಗುವಷ್ಟರಲ್ಲಿ ತಂಗಿ ಬೆನ್ನಿಗೆ ಕೈಕೊಟ್ಟು ಮುಂದಕ್ಕೆ ನೂಕಿದಳು.

"ಒಂದು ಮಾತು ಹೇಳ್ಬೇಕಿತ್ತಮ್ಮ. ಆ ಮುಖ... ಅದು ನಿಮ್ಮಪ್ಪ ಬರೆದಿದ್ದಲ್ಲ."

"ಗೊತ್ತಲ್ಲ," ಎಂದಳು ಮಗಳು, ನಗುತ್ತಲೇ. "ಅಪ್ಪನೇ ಹಾಗಂತ ಬರೆದಿಟ್ಟಿದಾರೆ, ನೋಡಿ."

ಅವಳು ತೋರಿಸಿದ್ದು ಹಾಳೆಯ ಅಂಚಿನಲ್ಲಿದ್ದ ತಿಳಿನೀಲಿ ಪೆನ್ಸಿಲ್ಲಿನ ಬರಹವನ್ನು. ಅಚ್ಚಿಗೆಂದು ಹಾಳೆಯ ಫೋಟೋ ತೆಗೆಯುವ ಕ್ಯಾಮೆರಾದಲ್ಲಿ ಆ ಬಣ್ಣ ಮೂಡುವುದಿಲ್ಲ. ಅಚ್ಚಿನವರಿಗೆ ಏನು ಹೇಳುವುದಿದ್ದರೂ ಮೇಷ್ಟ್ರು ಅದರಲ್ಲೇ ಬರೆಯುತ್ತಿದ್ದರು. ಹಾಳೆ ಇಷ್ಟು ವರ್ಷ ಅವರ ಮನೆಯ ಗೋಡೆಯಲ್ಲಿತ್ತು, ಅಂಚು ಚೌಕಟ್ಟಿನೊಳಗೆ ಅಡಗಿತ್ತು. ಪೋಸ್ಟರ್ ಅಚ್ಚಾದ ಮೇಲಷ್ಟೇ ಚೌಕಟ್ಟು ಬಿಚ್ಚಿದರಂತೆ.

ಅಕ್ಷರದಕ್ಕ ಕನ್ನಡಕ ಒರೆಸಿಕೊಂಡು ಓದಿದಳು. 'ತೇಪೆ ಕೀಳಬೇಡಿ. ನನ್ನದಕ್ಕಿಂತ ಈ ಮುಖ ಚೆನ್ನಾಗಿದೆ. ಬರೆದವರಿಗೆ ಮಾತ್ರ ಹೇಳಬೇಡಿ, ಉಬ್ಬಿಹೋಗಿ ಇದ್ದ ಕೆಲಸ ಬಿಟ್ಟುಬಿಟ್ಟಾರು.'

ಎರಡನೇ ಸಲ ಓದುವಾಗ ಅಕ್ಷರಗಳು ಕಲಸಿಹೋದವು. ಅವಳು ಅಲ್ಲಿದ್ದ ಬೆಂಚಿನ ಮೇಲೆ ಕುಸಿದು ಕೂತು, ಸೆರಗು ಬಾಯಿಗೊತ್ತಿಕೊಂಡು ನಕ್ಕಳು, ನಗುತ್ತಲೇ ಅತ್ತಳು. "ಮುದುಕಪ್ಪಾ, ಒಂದು ಮಾತು ಹೇಳಿದ್ರೆ ನಿಮ್ಮ ಗಂಟು ಹೋಗ್ತಿತ್ತಾ? ನಲವತ್ತೆರಡು ವರ್ಷ ಕಳ್ಳಿ ಥರ ಬದುಕಿದ್ನಲ್ಲಾ!" ಬೈದಷ್ಟೂ ಎದೆ ಹಗುರಾಯಿತು. ಇಷ್ಟು ವರ್ಷ ಹೊತ್ತ ಭಾರ ಇಳಿದುಹೋಯಿತೆಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು.

ಮೇಷ್ಟ್ರ ಮಗಳು ಪಕ್ಕದಲ್ಲಿ ಬಂದು ಕೂತಳು. "ಆಗ ಅಲ್ಲಿ ಏಳು ಜನ ಕೆಲಸಕ್ಕಿದ್ರಂತೆ. ಸಿಕ್ಕವರನ್ನೆಲ್ಲ ಕೇಳಿದೆ, ಎಲ್ಲರೂ ನಾನಲ್ಲ ಅಂದ್ರು. ಹಾಗಾದ್ರೆ ನೀವೇನಾ?"

ತಂಗಿ ಬಾಯಿ ತೆರೆಯುವುದರಲ್ಲಿದ್ದಳು. ಅಕ್ಷರದಕ್ಕ ಅವಳ ಕೈ ಹಿಡಿದು ತಡೆದಳು.

"ನಾನೇ ಕಣಮ್ಮ. ನಾನೇ ಬರೆದಿದ್ದು."

ಗೋಡೆಯ ಚೀಟಿಯಲ್ಲಿ 'ಮುಖ ಬರೆದವರು' ಎಂದಿದ್ದು, ಮುಂದೆ ಜಾಗ ಖಾಲಿ ಬಿಟ್ಟಿದ್ದರು. ಮಗಳು ತನ್ನ ಚೀಲದಿಂದ ಪೆನ್ನು ತೆಗೆದುಕೊಟ್ಟಳು. ಮೂವತ್ತು ವರ್ಷ ಕಂಡವರ ಮಾತನ್ನೆಲ್ಲ ಬರೆದ ಕೈ, ಗುಳ್ಳೆಗಳ ಅದೇ ಗುಂಡು ಅಕ್ಷರಗಳಲ್ಲಿ ಮೊದಲ ಬಾರಿಗೆ ತನ್ನ ಹೆಸರು ಬರೆಯಿತು. ಬರೆದು, ಒಂದು ಹೆಜ್ಜೆ ಹಿಂದೆ ಸರಿದು, ಸಾಲು ವಾಲಿದೆಯೇ ಎಂದು ನೋಡಿದಳು. ವಾಲಿರಲಿಲ್ಲ.