ಅರ್ಧ ನಕ್ಷಿ

ತೊಗಲಿಗೆ ನೀರು ಸವರಿ, ಉಳಿ ಇಟ್ಟು, ಶೇವಂತಾ ಮೊದಲ ಪೆಟ್ಟು ಹೊಡೆದಳು. ಅಳುತ್ತಿದ್ದ ಹೆಂಗಸರು ಆ ಸದ್ದಿಗೆ ತಿರುಗಿ ನೋಡಿದರು. ಅವಳ ಪಕ್ಕದಲ್ಲೇ, ಬಾಗಿಲ ಕಡೆ ಕಾಲು ಮಾಡಿ, ಅಪ್ಪ ದುರಗಪ್ಪನನ್ನು ಮಲಗಿಸಿದ್ದರು. ಅಥಣಿಯಲ್ಲಿ ನಲವತ್ತು ವರ್ಷ ಚಪ್ಪಲಿ ಹೊಲಿದ ಜೀವ ಬೆಳಿಗ್ಗೆ ಹೋಗಿತ್ತು.

“ಏನ್ ನಡಸೀಯವಾ ಇದು?” ಕಾಕಾ ಹಾಲಸಿದ್ದ ಕೇಳಿದ. “ಕುಣಿ ತೋಡಿ ಆಗೇತಿ. ಮಂದಿ ಹೊರಗ ನಿಂತಾರ.”

“ಅಪ್ಪನ ಜೋಡು ಮುಗಸಾಕತ್ತೇನಿ.”

ಹಿರಿಯರು ಒಪ್ಪಲಿಲ್ಲ. ಹೆಣದ ಕಾಲಿಗೆ ಚಪ್ಪಲಿ ಹಾಕುವ ಪದ್ಧತಿ ಕೇರಿಯಲ್ಲಿ ಇರಲಿಲ್ಲ. ಮೂಲೆಯಲ್ಲಿದ್ದ ತಾಯಿ ಸತ್ತೆವ್ವ ತಲೆ ಎತ್ತಿದಳು.

“ವಾಡೆದ ಓಣ್ಯಾಗ ಜೀವಮಾನ ಎಲ್ಲಾ ಚಪ್ಪಲಿ ಕೈಯಾಗ ಹಿಡಕೊಂಡ ನಡದಾನ. ಇವತ್ತ ಹೆಣಾ ಆ ಓಣ್ಯಾಗಿಂದನ ಹೋಗೂದು. ಮೆಟ್ಟಿಕೊಂಡ ಹೋಗ್ಲಿ.”

ಆಮೇಲೆ ಯಾರೂ ಪದ್ಧತಿಯ ಮಾತೆತ್ತಲಿಲ್ಲ.

*

ಊರ ಸಾವ್ಕಾರರ ದೊಡ್ಡ ಮನೆಯಾದ ವಾಡೆಯ ಪಡಸಾಲೆಯಲ್ಲಿ ಒಂದು ಕನ್ನಡಿ ಇತ್ತು. ಭೂಪಾಲ ಸಾವ್ಕಾರರ ಅಜ್ಜ ಮುಂಬೈಯ ಹರಾಜಿನಲ್ಲಿ, ಯಾರೋ ಬಿಳಿಯನ ಬಂಗಲೆಯದನ್ನು ಹಿಡಿದು ತಂದದ್ದು. ಆಳೆತ್ತರವನ್ನೂ ಮೀರಿದ್ದು. ಬಂಗಾರದ ಬಣ್ಣದ ಚೌಕಟ್ಟಿನ ತುಂಬ ಸುರುಳಿ ಬಳ್ಳಿ, ಚಿಪ್ಪು, ನೊರೆಯಂತೆ ಉಕ್ಕುವ ಅಲೆ. ಒಂದು ಗೆರೆಯೂ ನೆಟ್ಟಗಿಲ್ಲ.

ಪಾದದ ಅಳತೆ ತೆಗೆಯಲು ಹೋದ ದುರಗಪ್ಪ ಅಂಗಳದಾಚೆಯ ಕಲ್ಲಿನ ಬಳಿ ಕೂರಬೇಕಿತ್ತು. ಸಾವ್ಕಾರರ ಪಾದವೇ ಅಲ್ಲಿಗೆ ಬರುತ್ತಿತ್ತು. ಅಲ್ಲಿಂದ ನೋಡಿದರೆ ತಗ್ಗು ಬಾಗಿಲಿನ ಮೇಲ್ಪಟ್ಟಿ ಕನ್ನಡಿಯನ್ನು ಅರ್ಧಕ್ಕೆ ಕತ್ತರಿಸುತ್ತಿತ್ತು. ಹತ್ತು ಹೆಜ್ಜೆ ಮುಂದೆ ಹೋಗಿದ್ದರೆ ಪೂರಾ ಕಾಣುತ್ತಿತ್ತು. ಆ ಹತ್ತು ಹೆಜ್ಜೆಗೆ ನಲವತ್ತು ವರ್ಷ ಸಾಲಲಿಲ್ಲ.

ಕಂಡಷ್ಟನ್ನೇ ಅವನು ತೊಗಲಿಗೆ ಇಳಿಸಿದ. ಚಪ್ಪಲಿಯ ಅಗಲ ಪಟ್ಟಿಯ ಕೆಳಗಿನ ಅರ್ಧಕ್ಕೆ ಬಳ್ಳಿ, ಅಲೆ. ಮೇಲಿನ ಅರ್ಧ ಬೋಳು. ಕೊಲ್ಹಾಪುರದ ವ್ಯಾಪಾರಿಗಳು ಅದೇ ಸೊಗಸೆಂದು ‘ಅರ್ಧ ನಕ್ಷಿ’ ಅಂತ ಕೇಳಿ ಒಯ್ದರು. ಬೋಳು ಯಾಕೆಂದು ಒಬ್ಬನೂ ಕೇಳಲಿಲ್ಲ. ತನಗೆಂದು ಹೊಲಿದ ಒಂದು ಜೋಡನ್ನು ಮಾತ್ರ, ಮೇಲಿನದು ತಿಳಿದ ದಿನ ಮುಗಿಸುವುದೆಂದು, ಬಟ್ಟೆ ಸುತ್ತಿ ಮಾಡಿನಲ್ಲಿ ಇಟ್ಟಿದ್ದ.

ತೊಂಬತ್ತೊಂದರ ಜನಗಣತಿಗೆ ಸಾಲಿ ಟೀಚರುಗಳನ್ನು ಹಚ್ಚಿದಾಗ ವಾಡೆಯ ಓಣಿ ಟೀಚರಾಗಿದ್ದ ಶೇವಂತಾಳ ಪಾಲಿಗೆ ಬಂತು. ಸರಕಾರದ ಕಾಗದ ಹಿಡಿದವಳನ್ನು ಅಂಗಳದಲ್ಲಿ ನಿಲ್ಲಿಸುವಂತಿರಲಿಲ್ಲ. ಕನ್ನಡಿಯ ಎದುರೇ ಕುರ್ಚಿ ಹಾಕಿದರು.

ಆ ಸಂಜೆ ದುರಗಪ್ಪ ರೊಟ್ಟಿ ಮುರಿಯುವುದನ್ನು ಬಿಟ್ಟು ಕೇಳಿದ: “ಮ್ಯಾಲೆ ಏನೈತಿ?”

ಆ ನಕ್ಷಿಯ ಬಗ್ಗೆ ಅವಳು ವಾಚನಾಲಯದ ಪುಸ್ತಕದಲ್ಲಿ ಓದಿದ್ದಳು. “ಅದಕ್ಕ ರೊಕೊಕೊ ಅಂತಾರ. ಫ್ರಾನ್ಸಿನ ರಾಜನ ಮಂದಿ ಮಾಡಿಸ್ಕೊಂಡಿದ್ದು. ಉಪಾಸ ಬಿದ್ದ ಜನಾ ಕಡೀಕ ರಾಜನ ತಲೀನ ಕಡದ್ರು.”

“ಕಡದ್ರ ಕಡೀಲಿ. ಕನ್ನಡಿ ತಲೀ ಮ್ಯಾಲೆ ಏನಿತ್ತು, ಅದನ್ನ ಹೇಳ.”

“ನಾ ಮಂದಿ ಎಣಸಾಕ ಹೋಗಿದ್ನೆಪಾ. ಕನ್ನಡಿ ನೋಡಾಕ ಅಲ್ಲ.”

ಸುಳ್ಳು. ಅವಳು ನೋಡಿದ್ದಳು. ತನ್ನನ್ನು ಹೊರಗೆ ಕೂರಿಸಿದವರ ಗೋಡೆಯ ಮೇಲಿನದಕ್ಕೆ ಅಪ್ಪ ಆಸೆಪಡುವುದನ್ನು ಅವಳಿಗೆ ಸಹಿಸಲಾಗುತ್ತಿರಲಿಲ್ಲ. ದುರಗಪ್ಪ “ಇರ್ಲಿ ಬಿಡು” ಎಂದು ರೊಟ್ಟಿಗೆ ಕೈ ಹಾಕಿದ. ಮತ್ತೆ ಕೇಳಲಿಲ್ಲ. ಅವನಿಗೆ ಉಳಿದಿದ್ದ ಎಂಟು ತಿಂಗಳಲ್ಲಿ ಎರಡು ಸಲ ಅವಳು ಹೇಳಬೇಕೆಂದು ಬಾಯಿ ತೆರೆದಳು. ಎರಡೂ ಸಲ ಸಿಟ್ಟೇ ಮುಂದೆ ಬಂತು.

*

ಎಡಗಾಲಿನ ಪಟ್ಟಿ ಮುಗಿಯಿತು. ಬಳ್ಳಿಗಳ ನೆತ್ತಿಯ ಮೇಲೆ ಒಂದು ದೊಡ್ಡ ಚಿಪ್ಪು ಕೂತಿತ್ತು. ಹಾಲಸಿದ್ದ ಬಗ್ಗಿ ನೋಡಿದ. ಅವನೂ ಅದೇ ಕಸುಬಿನವ.

“ಒಂದ ಕಡೆ ವಾಲೇತಲ್ಲ ಬೇ.”

“ಕನ್ನಡಿ ಮ್ಯಾಲೂ ಹಂಗ ಐತಿ ಕಾಕಾ. ಬೇಕಂತನ ವಾಲಿಸ್ಯಾರ.”

“ಮತ್ತ ಬಲಗಾಲಿಂದ ಯಾ ಕಡೆ ವಾಲಸ್ತಿ? ಇತ್ತಾಗೋ, ಅತ್ತಾಗೋ?”

ಬಲಗಾಲಿನ ತೊಗಲಿಗೆ ನೀರು ಸವರಿದ್ದ ಅವಳ ಕೈ ಅಲ್ಲೇ ನಿಂತಿತು. ಉಳಿಯನ್ನು ಒಮ್ಮೆ ಎಡಕ್ಕಿಟ್ಟಳು, ಒಮ್ಮೆ ಬಲಕ್ಕಿಟ್ಟಳು.

“ಕನ್ನಡಿ ಒಂದ ಇತ್ತು,” ಅಂದು ಉಳಿಯನ್ನು ಕೆಳಗಿಟ್ಟಳು. “ಅದನ್ನ ಜೋಡು ಮಾಡೂದು ಅಪ್ಪಗಷ್ಟ ಗೊತ್ತಿತ್ತು.”

ಹೊರಗೆ ಜನ ಸರಿದು ದಾರಿ ಬಿಟ್ಟರು. ಭೂಪಾಲ ಸಾವ್ಕಾರರು ಮಾಲೆ ಹಿಡಿದು ಬಂದಿದ್ದರು. ಕಾಲಲ್ಲಿ ದುರಗಪ್ಪನ ಅರ್ಧ ನಕ್ಷಿ. ಹೊಸ್ತಿಲಿನಾಚೆಯೇ ನಿಂತರು.

“ಒಳಗ ಬರ್ರಿ ಸಾವ್ಕಾರ್ರ,” ಶೇವಂತಾ ಅಂದಳು.

“ಇರ್ಲಿ ಬಿಡವಾ. ಇಲ್ಲಿಂದನ ಕಾಣತೈತಿ.”

ದುರಗಪ್ಪನ ಮನೆಯ ಬಾಗಿಲೂ ತಗ್ಗು. ಹೊರಗೆ ನಿಂತವರಿಗೆ ಹೆಣದ ಪಾದಗಳಷ್ಟೇ ಕಾಣುತ್ತಿದ್ದವು. ಶೇವಂತಾ ಅವರ ಕಣ್ಣೆದುರೇ ಆ ಪಾದಗಳಿಗೆ ಎರಡೂ ಚಪ್ಪಲಿ ಮೆಟ್ಟಿಸಿದಳು. ಸಾವ್ಕಾರರು ಮಾಲೆಯನ್ನು ಹಾಲಸಿದ್ದನ ಕೈಗೆ ಕೊಟ್ಟರು.

ಹೆಣವಿದ್ದ ಸಿದಿಗೆ ಎತ್ತಿದರು. ವಾಡೆಯ ಬಾಗಿಲು ತೆರೆದಿತ್ತು. ಓಣಿಯಿಂದ ಕನ್ನಡಿಯ ಕೆಳಗಿನ ಅರ್ಧ ಹೊಳೆಯುತ್ತಿತ್ತು. ಹೊತ್ತವರ ಹೆಗಲ ಮಟ್ಟದಲ್ಲಿ ದುರಗಪ್ಪನ ಪಾದಗಳು ಅದರ ಮುಂದೆ ಸಾಗಿದವು. ಎಡಗಾಲಿನ ಚಿಪ್ಪು ಬಲಕ್ಕೆ ವಾಲಿತ್ತು. ಬಲಗಾಲಿನ ಬೋಳು ಪಟ್ಟಿಯ ಮೇಲೆ, ಅವಳು ಸವರಿದ ನೀರು ಇನ್ನೂ ಆರಿರಲಿಲ್ಲ.