ಬಾಲದೊಳಗಿನ ತೇಪೆ

ಕೋಟಿನ ತೋಳಿನೊಳಗೆ ಸತ್ತವನ ಬಲಗೈ ತೂರಿಸಲು ಅವನ ಹೆಂಡತಿಯೂ ಅವಳ ಅತ್ತಿಗೆಯೂ ಏಗುತ್ತಿದ್ದರು. ಅತ್ತಿಗೆ, ಅಂದರೆ ಅವಳ ಗಂಡನ ಅಕ್ಕ, ಮೊಣಕೈ ಹಿಡಿದು ಬಾಗಿಸಲು ನೋಡಿದಳು. ಅದು ಬಾಗದಿದ್ದಾಗ ತಮ್ಮನನ್ನೇ ಗದರಿದಳು.

"ಹಟಮಾರಿ. ಚಿಕ್ಕೋನಿದ್ದಾಗ್ಲೂ ಹೀಗೇ, ಒಂದು ಅಂಗಿ ಹಾಕೋಕೆ ಮನೆ ತುಂಬಾ ಓಡಾಡಿಸ್ತಿದ್ದ." ಹೇಳಿದ ಮೇಲೆ ಮಾತು ತನಗೇ ಕೇಳಿಸಿದಂತಾಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೆಂಡತಿ ಅಳಲಿಲ್ಲ. ನಿನ್ನೆ ಬೆಳಗಿನಿಂದ ಅವಳಿಗೆ ಅಳು ಬಂದಿರಲಿಲ್ಲ, ಹಸಿವೂ ಆಗಿರಲಿಲ್ಲ. ಯಾರಾದರೂ ಟೀ ಕೈಗಿಟ್ಟರೆ ಕುಡಿಯುತ್ತಿದ್ದಳು, ಕೂತ್ಕೋ ಎಂದರೆ ಕೂರುತ್ತಿದ್ದಳು. ಈಗ ಅವಳ ಕಣ್ಣು ಗಂಡನ ಬೆರಳುಗಳ ಮೇಲಿತ್ತು. ಎರಡು ವರ್ಷಗಳಲ್ಲಿ ಮೊದಲ ಸಲ ಅವು ಅಲುಗಾಡದೆ ಬಿದ್ದಿದ್ದವು.

"ಎಂಥ ಕೈ ಕಣೇ ಇದು!" ಅತ್ತಿಗೆ ಆ ಕೈಯನ್ನೇ ಸವರಿದಳು. "ಇಡೀ ಫ್ಲೈಯಿಂಗ್ ಕ್ಲಬ್ಬಲ್ಲಿ ಇಂಥ ಕೈ ಇನ್ನೊಂದಿಲ್ಲ ಅಂತ ಹೊರಗೆ ಎಲ್ರೂ ಅದನ್ನೇ ಹೇಳ್ತಿದಾರೆ."

ಅಷ್ಟರಲ್ಲಿ ಪಾಲುಗಾರ ಬಾಗಿಲಲ್ಲಿ ಬಂದು ನಿಂತ. ಅವಳ ಗಂಡನೂ ಅವನೂ ಸೇರಿ ಒಂದು ಮೋಟಾರ್ ಗ್ಲೈಡರ್ ಕೊಂಡಿದ್ದರು. ಸಣ್ಣ ಎಂಜಿನ್ನಿನಿಂದ ಮೇಲೇರಿ, ಆಮೇಲೆ ಎಂಜಿನ್ ಆರಿಸಿ ಬರೀ ಗಾಳಿಯ ಮೇಲೆ ತೇಲುವ, ಉದ್ದ ರೆಕ್ಕೆಯ ಬಿಳಿ ವಿಮಾನ ಅದು. ಹಾರಿಸುವುದರಲ್ಲಿ ಪಾಲುಗಾರನಿಗೆ ಅರ್ಧ ಪಾಲು ಇತ್ತು. ತೊಳೆಯುವುದು, ಉಜ್ಜುವುದು, ಬಿರುಕಿಗೆ ತೇಪೆ ಹಾಕುವುದು ಇವುಗಳಲ್ಲಿ ಮಾತ್ರ ಅವನು ಎಂದೂ ಪಾಲು ಕೇಳಿದವನಲ್ಲ.

"ತಂಗೀ, ಒಂದು ಮಾತು. ಮಣ್ಣಿಗೆ ಇಳಿಸೋ ಹೊತ್ತಿಗೆ ಸರಿಯಾಗಿ ನಾನು ಮೇಲಿಂದ ಒಂದು ಸುತ್ತು ಬರ್ತೀನಿ. ಎಂಜಿನ್ ಆಫ್ ಮಾಡ್ಕೊಂಡು, ಸದ್ದಿಲ್ದೆ. ಅದರ ಬಾಲದ ರಿಪೇರಿನೇ ಅವನ ಕೊನೇ ಕೆಲಸ, ಅವನಿಗೆ ಕಾಣ್ಲಿ."

"ಬಾಲ..." ಎಂದಳು ಅವಳು.

"ಬೆಳಿಗ್ಗೇನೇ ನೋಡ್ಕೊಂಡು ಬಂದೆ. ನಾಣ್ಯ ತಗೊಂಡು ಬಡಿದ್ರೆ ಟಣ್ ಅನ್ನುತ್ತೆ. ಎಷ್ಟಂದ್ರೂ ಅವನ ಕೈ ಕೆಲಸ!"

ಅತ್ತಿಗೆ ಕೋಟಿನ ಗುಂಡಿ ಹಾಕತೊಡಗಿದಳು.

*

ಮೊದಮೊದಲು ಅದು ತಮಾಷೆಯಾಗಿತ್ತು. ಬಾಲದ ಪಕ್ಕದಲ್ಲಿ ಒಂದು ಸಣ್ಣ ಕಿಂಡಿ ಇದೆ. ಗಂಡನ ದಪ್ಪ ಕೈ ಅದರೊಳಗೆ ಹೋಗುತ್ತಿರಲಿಲ್ಲ. "ಬಾರೇ ಇಲ್ಲಿ, ನಿನ್ನ ಕೈಗೆ ಕೊನೆಗೂ ಒಂದು ಉಪಯೋಗ ಸಿಕ್ತು" ಎಂದು ಕರೆದಿದ್ದ. ಅತ್ತಿಗೆ ಆ ವಿಮಾನವನ್ನು ನಿನ್ನ ಸವತಿ ಎಂದು ಕರೆಯುತ್ತಿದ್ದುದರಿಂದ, ಸವತಿಯ ಹೊಟ್ಟೆಗೆ ಕೈ ಹಾಕುವುದು ತನ್ನ ಹಣೆಬರಹ ನೋಡು ಎಂದು ಅವಳೂ ನಕ್ಕಿದ್ದಳು.

ಆಮೇಲೆ ಅವನ ಕೈ ನಡುಗಲು ಶುರುವಾಯಿತು. ತೇಪೆಗೆ ಬೇಕಾದ ಗಾಜಿನ ನಾರಿನ ಬಟ್ಟೆಯನ್ನು ಕತ್ತರಿಸಲು ಹೋದರೆ ಅಂಚು ಸೊಟ್ಟಗಾಗುತ್ತಿತ್ತು. ಅದನ್ನು ಅಂಟಿಸುವ ರಾಳ ಹಚ್ಚಲು ಹೋದರೆ ಬ್ರಷ್ಷು ಬೇಡದ ಕಡೆಯೆಲ್ಲ ಓಡಾಡುತ್ತಿತ್ತು. ಬೇರೆಯವರ ವಿಮಾನಗಳು ರಿಪೇರಿಗೆ ಬಂದರೆ ಬೆನ್ನುನೋವೆಂದು ವಾಪಸು ಕಳಿಸಿದ. ತನ್ನದನ್ನು ಬಿಡಲಾಗಲಿಲ್ಲ. ಶೆಡ್ಡಿನ ಬಾಗಿಲು ಹಾಕಿಕೊಂಡು ಅವನು ಸ್ಟೂಲಿನ ಮೇಲೆ ಕೂತು ಹೇಳುವುದು, ಅವಳು ಮಾಡುವುದು, ಹೀಗೆ ನಡೆಯಿತು. ಬಿರುಕಿನ ಸುತ್ತ ಇಳಿಜಾರಾಗಿ ಉಜ್ಜಬೇಕು, ಬಟ್ಟೆಯನ್ನು ಓರೆಯಾಗಿ ಇಡಬೇಕು, ನಡುವೆ ಒಂದು ಗುಳ್ಳೆಯೂ ಉಳಿಯಬಾರದು. ಗಾಜಿನ ಪುಡಿಗೆ ಅವಳ ಮೈಯೆಲ್ಲ ತುರಿಸುತ್ತಿತ್ತು. ಆದರೂ ಆ ಕೆಲಸ ಅವಳಿಗೆ ಇಷ್ಟವಾಗತೊಡಗಿತು. ಮದುವೆಯಾದ ಮೇಲೆ ಅವರಿಬ್ಬರೂ ಅಷ್ಟು ಹೊತ್ತು ಒಂದೇ ಕಡೆ ಕೂತು ಮಾತಾಡಿದ್ದು ಆ ಶೆಡ್ಡಿನಲ್ಲೇ.

"ಯಾರಿಗೂ ಗೊತ್ತಾಗೋದು ಬೇಡ ಕಣೇ" ಎಂದಿದ್ದ ಅವನು.

"ಗೊತ್ತಾದ್ರೆ ಏನು ಗಂಟು ಹೋಗುತ್ತೆ?"

"ನಾನು ಮುದುಕ ಆಗ್ಬಿಡ್ತೀನಿ."

ಪಾಲುಗಾರ ಹೋದ ತಿಂಗಳು ವಿಮಾನವನ್ನು ಧೊಪ್ಪೆಂದು ಇಳಿಸಿ ಬಾಲದ ಬುಡ ಸೀಳಿಸಿಕೊಂಡು ಬಂದಿದ್ದ. ಮೊನ್ನೆ ಸಂಜೆ ಅದರದೇ ಕೊನೆಯ ಕೆಲಸ. ಪ್ಲಾಸ್ಟಿಕ್ ಲೋಟವನ್ನು ತಕ್ಕಡಿಯ ಮೇಲಿಟ್ಟು ರಾಳ ಸುರಿಯಬೇಕು, ಅದಕ್ಕೆ ಲೆಕ್ಕವಾಗಿ ಹಾರ್ಡನರ್ ಬೆರೆಸಬೇಕು. ಬೆರೆಸಿದರೆ ರಾತ್ರಿ ಕಳೆಯುವುದರೊಳಗೆ ರಾಳ ಕಲ್ಲಾಗುತ್ತದೆ. ಬೆರೆಸದಿದ್ದರೆ ವರ್ಷ ಕಳೆದರೂ ಅಂಟಂಟಾಗಿಯೇ ಇರುತ್ತದೆ. ಮೊದಲ ಲೋಟ ಹೊರಗಿನ ತೇಪೆಗೆ ಮುಗಿಯಿತು. ಎರಡನೆಯದು ಒಳಗಿನದಕ್ಕೆ. ಬಾಲದ ಭಾರ ಹೊರುವುದು ಒಳಗಿನದೇ.

ಎರಡನೇ ಲೋಟಕ್ಕೆ ರಾಳ ಸುರಿಯುತ್ತಿದ್ದಾಗ ಗಂಡ ಎದೆ ಹಿಡಿದುಕೊಂಡ. ಅವಳು ಲೋಟ ಬಿಟ್ಟು ಓಡಿದಳು, ನೀರು ಕುಡಿಸಿದಳು, ಬೆನ್ನು ನೀವಿದಳು.

"ಏನಿಲ್ವೇ, ಹಿಡ್ಕೊಂಡಂಗಾಯ್ತು ಅಷ್ಟೇ. ಮೊದ್ಲು ಅದನ್ನ ಮುಗಿಸು."

ಅವಳು ವಾಪಸು ಬಂದು ಲೋಟ ಕಲಕಿದಳು, ಕಿಂಡಿಯೊಳಗೆ ಕೈ ಹಾಕಿ ತೇಪೆ ಕೂರಿಸಿ ಮುಚ್ಚಳ ಬಿಗಿದಳು. ಮಿಕ್ಕ ರಾಳವನ್ನು ಲೋಟದಲ್ಲೇ ಬಿಟ್ಟು ಮರುದಿನ ಗಟ್ಟಿಯಾಗಿದೆಯೇ ಎಂದು ನೋಡುವುದು ರೂಢಿ. ಅವತ್ತು ಅವಸರದಲ್ಲಿ ಅದನ್ನು ಕಸಕ್ಕೆಸೆದಳು. ಗಂಡ ಪಾಲುಗಾರನಿಗೆ ಫೋನ್ ಮಾಡಿ "ಮುಗಿಸ್ದೆ ಕಣಯ್ಯ, ಇನ್ನು ನೀನುಂಟು, ಆಕಾಶ ಉಂಟು" ಎಂದ. ಬೆಳಿಗ್ಗೆ ಅವಳು ಎದ್ದಾಗ ಪಕ್ಕದಲ್ಲಿ ಅವನ ಮೈ ತಣ್ಣಗಾಗಿತ್ತು.

ಎರಡನೇ ಲೋಟಕ್ಕೆ ಹಾರ್ಡನರ್ ಹಾಕಿದೆನೇ ಎಂಬ ಪ್ರಶ್ನೆ ಬಂದದ್ದು ಆಮೇಲೆ, ಡಾಕ್ಟರು ಬಂದು ಹೋದ ಮೇಲೆ. ರಾಳ ಸುರಿದದ್ದು ನೆನಪಿದೆ, ನೀರು ಕುಡಿಸಿದ್ದು ನೆನಪಿದೆ. ಅಲ್ಲಿಂದ ಮುಂದೆ ಕಲಕುತ್ತಿರುವ ತನ್ನ ಕೈಯೇ ಕಾಣುತ್ತದೆ.

*

ಮುಂದಿನ ಕೋಣೆಯಲ್ಲಿ ಕುರ್ಚಿ ಸಾಲದೆ ಕ್ಲಬ್ಬಿನವರು ಗೋಡೆಗೊರಗಿ ನಿಂತಿದ್ದರು.

"ಅವನು ಸರಿ ಅಂದ್ರೆ ಸರಿ. ಎರಡನೇ ಮಾತಿಲ್ಲ."

"ಹೋದ ವರ್ಷ ರೆಕ್ಕೆ ತುದಿ ಮಾಡಿದ್ನಲ್ಲ, ಎಲ್ಲಿ ಒಡೆದಿತ್ತು ಅಂತ ಭೂತಗನ್ನಡಿ ಹಾಕಿದ್ರೂ ಗೊತ್ತಾಗಲ್ಲ. ವಯಸ್ಸಾದಷ್ಟೂ ಕೈ ಪಳಗ್ತಾ ಬಂತು ನೋಡು."

ಆ ರೆಕ್ಕೆಯ ತುದಿಯನ್ನು ಉಜ್ಜಿದವಳು ಅವರ ನಡುವೆಯೇ ತಟ್ಟೆಯಲ್ಲಿ ಖಾಲಿ ಲೋಟಗಳನ್ನು ಎತ್ತಿಕೊಂಡು ಹೋದಳು. ಬಾಯಿ ತೆರೆದರೆ ಗಂಡನ ಹೆಸರು ಇವತ್ತೇ ಅವನ ಜೊತೆ ಮಣ್ಣಾಗುತ್ತದೆ. ತೆರೆಯದಿದ್ದರೆ ಪಾಲುಗಾರ ಇವರೆಲ್ಲರ ತಲೆಯ ಮೇಲೆ, ಹಸಿ ಬಾಲ ಕಟ್ಟಿಕೊಂಡು ಹಾರುತ್ತಾನೆ. ಇದೆಲ್ಲ ಅವಳಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಆದರೆ ಅರ್ಥವಾದದ್ದು ಎದೆಗೆ ಇಳಿಯುತ್ತಿರಲಿಲ್ಲ.

ಹೊರಗೆ ಪಾಲುಗಾರನ ಕಾರಿನ ಬಾಗಿಲು ತೆಗೆದ ಸದ್ದಾಯಿತು. ಅವಳು ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಚಪ್ಪಲಿಯನ್ನೂ ಮೆಟ್ಟದೆ ಗೇಟಿಗೆ ಬಂದಳು.

"ಹಾರಿಸ್ಬೇಡಿ."

"ಯಾಕೆ ತಂಗಿ?"

"ನನಗಿಷ್ಟ ಇಲ್ಲ."

"ಹಂಗನ್ಬೇಡ. ಎಲ್ರಿಗೂ ಹೇಳಿಯಾಗಿದೆ, ಕಾಯ್ತಾ ಇರ್ತಾರೆ. ಹೆದರಿಕೆನಾ? ಅವನು ಮಾಡಿರೋ ರಿಪೇರಿ, ಕಣ್ಮುಚ್ಕೊಂಡು ಹಾರಿಸ್ತೀನಿ."

"ಅವ್ರು ಮಾಡಿದ್ದಲ್ಲ."

ಪಾಲುಗಾರ ಕೀಲಿಯನ್ನು ಹಿಡಿದುಕೊಂಡೇ ನಿಂತ.

"ಅವ್ರ ಕೈ ನಡುಗ್ತಿತ್ತು. ಎರಡು ವರ್ಷದಿಂದ ಎಲ್ಲಾ ನಾನೇ ಮಾಡಿರೋದು. ಒಳಗಿನ ತೇಪೆಗೆ ಹಾರ್ಡನರ್ ಹಾಕಿದ್ನೋ ಇಲ್ವೋ ನೆನಪಿಲ್ಲ." ಒಲೆಯ ಮೇಲಿನ ಹಾಲು ಉಕ್ಕಿತು ಎನ್ನುವ ಹಾಗೆ, ಅಷ್ಟೇ ದನಿಯಲ್ಲಿ ಹೇಳಿದಳು.

ಅವನು ಅವಳ ಮುಖವನ್ನು ದಿಟ್ಟಿಸಿದ. ಪಾಪ, ತಲೆ ಕೆಟ್ಟಿದೆ ಎಂದುಕೊಂಡದ್ದು ಅವನ ಕಣ್ಣಲ್ಲೇ ಕಾಣಿಸಿತು. "ಒಳಗೆ ಹೋಗಿ ಸ್ವಲ್ಪ ಮಲಕ್ಕೋ ತಂಗಿ. ನಿದ್ದೆ ಇಲ್ಲ ನಿನಗೆ."

"ಮುಚ್ಚಳ ತೆಗೆದು ಮುಟ್ಟಿ ನೋಡಿ. ಅಷ್ಟು ಮಾಡಿ ಸಾಕು."

ಅವನು ಕಾರು ಹತ್ತಿ ಬಾಗಿಲು ಎಳೆದುಕೊಂಡ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅವಳಿಗೆ ಭಯವಾಯಿತು. ನಿನ್ನೆಯಿಂದ ಅವಳ ಎದೆಗೆ ತಟ್ಟಿದ ಮೊದಲ ಸಂಗತಿ ಅದು.

*

ಪೆಟ್ಟಿಗೆಯನ್ನು ಇಳಿಸಿಯಾಗಿತ್ತು. ಯಾರೂ ಗುಂಡಿಯತ್ತ ನೋಡುತ್ತಿರಲಿಲ್ಲ. ಸ್ಮಶಾನದಲ್ಲಿದ್ದವರೆಲ್ಲ ಕತ್ತೆತ್ತಿ ನಿಂತಿದ್ದರು. ಕೆಲವರು ಹಣೆಗೆ ಕೈಯನ್ನು ಅಡ್ಡ ಇಟ್ಟುಕೊಂಡಿದ್ದರು.

"ಎಂಜಿನ್ ಆಫ್ ಮಾಡಿರ್ತಾನೆ, ಕೇಳ್ಸಲ್ಲ. ನೋಡ್ತಾ ಇರಿ" ಎಂದರು ಕ್ಲಬ್ಬಿನವರೊಬ್ಬರು.

ಅವಳು ಮಾತ್ರ ಮೇಲೆ ನೋಡಲಿಲ್ಲ. ವಿಮಾನ ಬಂದರೆ, ತೇಪೆ ಗಟ್ಟಿಯಾಗಿದೆ ಎಂದೋ, ಪಾಲುಗಾರ ತನ್ನ ಮಾತು ನಂಬಲಿಲ್ಲ ಎಂದೋ ತಿಳಿಯುವ ದಾರಿಯೇ ಇರಲಿಲ್ಲ. ಬಾರದಿರಲಿ ಎಂದು ಬೇಡಿಕೊಂಡಳು. ಬೇಡಿಕೊಳ್ಳುತ್ತಲೇ, ನಾನು ಹಾಕಿದ ತೇಪೆ ಸರಿಯಾಗಿರಲಿ ಎಂದೂ ಆಸೆಪಟ್ಟಳು.

ಸುಮಾರು ಹೊತ್ತಾಯಿತು. ಆಕಾಶದಲ್ಲಿ ಏನೂ ಬರಲಿಲ್ಲ. ಕೊನೆಗೆ ಪಾಲುಗಾರ ಸ್ಮಶಾನದ ಗೇಟು ತಳ್ಳಿಕೊಂಡು, ಏದುಸಿರು ಬಿಡುತ್ತ ನಡೆದು ಬಂದ.

"ಎಲ್ಲಯ್ಯಾ ನಿನ್ನ ವಿಮಾನ?" ಅತ್ತಿಗೆ ಎಲ್ಲರೆದುರೇ ಕೇಳಿದಳು. "ನಮಗೆಲ್ಲ ಕತ್ತು ನೋವು ಬಂತು."

"ಎಂಜಿನ್ ಸ್ಟಾರ್ಟ್ ಆಗ್ಲಿಲ್ಲ ಅಕ್ಕ. ನಾನೇ ಏನೋ ಎಡವಟ್ಟು ಮಾಡ್ದೆ."

"ಮತ್ತೆ! ಅವನಿದ್ದಿದ್ರೆ ಹೀಗಾಗ್ತಿತ್ತಾ? ಅವನ ಕೈ ಬೇರೆ, ನಿಮ್ಮ ಕೈ ಬೇರೆ."

"ಹೌದಕ್ಕ" ಎಂದ ಅವನು. "ಅವನ ಕೈಯೇ ಬೇರೆ."

ಅವನು ಅವಳ ಕಡೆ ನೋಡದೆ ಗುಂಡಿಯ ಅಂಚಿಗೆ ಹೋದ. ಬಗ್ಗಿ ಒಂದು ಹಿಡಿ ಮಣ್ಣನ್ನು ತೆಗೆದುಕೊಂಡು ಗೆಳೆಯನ ಮೇಲೆ ಹಾಕಿ, ಕೈ ಕೊಡವಿದ. ಅಂಗೈಯ ಮಣ್ಣೆಲ್ಲ ಉದುರಿತು. ತೋರುಬೆರಳಿಗೂ ನಡುಬೆರಳಿಗೂ ಮೆತ್ತಿದ್ದು ಉದುರಲಿಲ್ಲ. ಪ್ಯಾಂಟಿಗೆ ತಿಕ್ಕಿದ. ಆಗಲೂ ಅದು ಗಿಣ್ಣಿನವರೆಗೆ ದಪ್ಪಗೆ, ಅಂಟಂಟಾಗಿ ಹಿಡಿದುಕೊಂಡೇ ಇತ್ತು. ಅವಳು ಆ ಎರಡು ಬೆರಳುಗಳನ್ನು ನೋಡುತ್ತ ನಿಂತಳು. ಹಿಂದಿನಿಂದ ಯಾರೋ ಮೆಲ್ಲಗೆ ಮೊಣಕೈ ಮುಟ್ಟಿ, ಈಗ ನೀವು ಹಾಕಬೇಕು ಎನ್ನುತ್ತಿದ್ದರು.